ಕೆಂಪು ತೊಗರಿ

ನಾನು ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದೆಲ್ಲ ನಿಮಗೆ ಹುಚ್ಚುತನ ಅನ್ನಿಸೀತು. ಬೇರೆ ಹುಡುಗಿಯರು ಹಾವಿಗೆ, ಕತ್ತಲೆಗೆ, ಅಪ್ಪನಿಗೆ ಹೆದರಿದರೆ ನಾನು ಬದನೆಕಾಯಿಗೆ ಹೆದರುತ್ತಿದ್ದೆ.

ಮುಡಬಿ ಕಡೆಗಿರುವ ನಮ್ಮ ಹೊಲದ ಬದುವಿನಾಚೆ ಒಬ್ಬರು ಬದನೆ ಹಾಕುತ್ತಿದ್ದರು. ಸಂಜೆ ಬೆನ್ನಿಗೆ ಪಂಪು ಕಟ್ಟಿಕೊಂಡು ಎಣ್ಣೆ ಹೊಡೆಯುವುದು. ಕೀಟದ ಔಷಧಕ್ಕೆ ನಮ್ಮ ಕಡೆ ಎಣ್ಣೆ ಎಂದೇ ಅನ್ನುತ್ತಾರೆ. ಬೆಳಿಗ್ಗೆ ಅದೇ ಕಾಯಿ ಬಿಡಿಸಿ, ಚೀಲ ತುಂಬಿ, ಪೇಟೆಗೆ ಕಳಿಸುವುದು. ಅವರ ಮನೆಯವರು ಉಣ್ಣಲಿಕ್ಕೆ ಮಾತ್ರ ಹಿತ್ತಲಲ್ಲಿ ಬೇರೆ ನಾಲ್ಕು ಗಿಡ. ಅದನ್ನು ಚಿಕ್ಕವಳಿದ್ದಾಗಿನಿಂದ ನೋಡಿದವಳು ನಾನು. ಹುಮನಾಬಾದಿಗೆ ಬಿಎಸ್ಸಿ ಓದಲು ಬಂದು, ಪೇಟೆಯ ಕಾಯಿಪಲ್ಯ ಕೊಂಡು ಉಣ್ಣುವ ಸರದಿ ನನ್ನದಾದಾಗ, ಪ್ರತಿ ಬುಟ್ಟಿಯ ಹಿಂದೆಯೂ ಆ ಪಂಪು ಕಾಣತೊಡಗಿತು. ಮೇಲಿಂದ ಮೊಬೈಲು. ಹಾಲಿನಲ್ಲಿ ಅದು, ಹಣ್ಣಿನಲ್ಲಿ ಇದು ಎಂದು ಯಾರೋ ಗಂಟಲು ಹರಿದುಕೊಳ್ಳುವ ವಿಡಿಯೋಗಳನ್ನು ನೋಡಿ ನೋಡಿ ನನಗೆ ತುತ್ತು ಇಳಿಯುತ್ತಿರಲಿಲ್ಲ.

ಬಾಡಿಗೆಯ ಖೋಲಿಯಲ್ಲಿ ನನ್ನ ಜೊತೆಗಿದ್ದವಳು ಬಸವಕಲ್ಯಾಣದ ಹುಡುಗಿ, ನನ್ನದೇ ತರಗತಿಯವಳು. ಅವಳ ತಾಯಿ ಕೂಲಿ ಮಾಡಿ ಓದಿಸುತ್ತಿದ್ದಳು. ಈ ಗೆಳತಿಗೆ ಹೆದರಿಕೆ ಅನ್ನುವುದೇ ಇರಲಿಲ್ಲ. ಬಸ್ ಸ್ಟ್ಯಾಂಡಿನ ಭಜಿಯನ್ನು ಹಳೆಯ ಪೇಪರಿನ ಮಸಿ ಸಮೇತ ತಿಂದು ಬೆರಳು ನೆಕ್ಕುವವಳು. ನಾನು ಟೊಮ್ಯಾಟೊ ಹಣ್ಣನ್ನು ಮೂಸಿ ಮೂಸಿ ಆರಿಸುವುದನ್ನು ಕಂಡು ಕಾಯಿಪಲ್ಯದ ಮುದುಕಿ ಒಮ್ಮೆ, "ಏನ್ ಬೇಟಿ, ಮೂಗಿಲೇ ಉಣ್ತೀ ಏನ?" ಎಂದಳು. ಅವತ್ತಿನಿಂದ ನನ್ನ ಗೆಳತಿಗೆ ನಾನು 'ಆರ್ಗ್ಯಾನಿಕ್ ಬಾಯಿ'; ನಮ್ಮ ಕಡೆ ಅಮ್ಮಾವರಿಗೆ ಬಾಯಿ ಎನ್ನುತ್ತಾರೆ.

"ಆರ್ಗ್ಯಾನಿಕ್ ಬಾಯಿ, ಇವತ್ತ ಗಾಳಿ ತೊಳದಿ ಏನು? ತೊಳೀಲಾರದ ಉಸುರಾಡಬ್ಯಾಡ ನೋಡು."

ನಗಲಿ ಬಿಡಿ ಅಂತ ನಾನು ನನ್ನ ದಾರಿ ಹಿಡಿದೆ. ಎಲೆಯ ಚಿತ್ರ ಅಚ್ಚಾದ ಸಾವಯವ ಪೊಟ್ಟಣಗಳ ಅಂಗಡಿಗೆ ಒಮ್ಮೆ ಹೋಗಿ, ಬೇಳೆಯ ದರ ಕೇಳಿ, ಪೊಟ್ಟಣವನ್ನು ಮೆಲ್ಲಗೆ ಇದ್ದಲ್ಲೇ ಇಟ್ಟು ಹೊರಬಿದ್ದೆ. ಅಪ್ಪ ಕಳಿಸುವುದರಲ್ಲಿ ಆ ಪೊಟ್ಟಣ ಉಂಡರೆ ಪುಸ್ತಕಕ್ಕೆ ಉಪವಾಸ. ಹಾಗಾಗಿ ದುಡ್ಡಿಲ್ಲದೆ ಸಿಗುವುದನ್ನು ಕೂಡಿಸತೊಡಗಿದೆ. ಊರಿನಿಂದ ಜೋಳ. ರವಿವಾರ ಹೊಲದ ಬದುವಿನಿಂದ ಹಕ್ಕರಕಿ ಸೊಪ್ಪು, ಪುಂಡಿ ಪಲ್ಯ. ನಾರಾಯಣಪುರದ ಅತ್ತಿಯ ಮನೆಯಿಂದ ತೊಗರಿ.

ಅತ್ತಿ ಎಂದರೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಹೊಲ ತಾನೇ ನೋಡಿಕೊಳ್ಳುತ್ತಿದ್ದಳು. ಹುಳ ಹತ್ತಬಾರದೆಂದು ಉಣ್ಣುವ ತೊಗರಿಗೆ ಈಗಲೂ ಹಳೇ ಪದ್ಧತಿಯಂತೆ ಕೆಮ್ಮಣ್ಣು ಹಚ್ಚಿ, ಒಣಗಿಸಿ, ಗಡಿಗೆಯಲ್ಲಿ ತುಂಬಿಡುತ್ತಿದ್ದಳು. ಬೇಕಾದಾಗ ತೊಳೆದು, ಬೀಸುಕಲ್ಲಿನಲ್ಲಿ ಒಡೆದು ಬೇಳೆ ಮಾಡುವುದು. ಯಾವ ಔಷಧವೂ ಇಲ್ಲ, ಬರೇ ಮಣ್ಣು. ನಾನು ಕಾಲೇಜಿನಲ್ಲಿ ಎಲ್ಲರ ಮುಂದೆ ಇದನ್ನು ಹೇಳಿಕೊಂಡು ಮೆರೆದದ್ದೇ ಮೆರೆದದ್ದು.

ಅದು ಶ್ರಾವಣ. ರವಿವಾರ ಮಧ್ಯಾಹ್ನ ನಾನು ನಾರಾಯಣಪುರಕ್ಕೆ ಹೋದಾಗ ಅತ್ತಿ ಹೊಲಕ್ಕೆ ಹೋಗಿದ್ದಳು. ಫೋನು ಮಾಡಿದೆ.

"ಕೀಲಿ ಚೌಕಟ್ಟಿನ ಮ್ಯಾಲದ ತಂಗಿ. ಅಡಗಿ ಮನ್ಯಾಗ ಗಡಿಗ್ಯಾಗ ಕೆಂಪು ತೊಗರಿ ಅದ, ಬೇಕಾದಷ್ಟು ಒಯ್ಯಿ. ನಾ ಬರೂದು ಹೊತ್ತಾಗ್ತದ," ಎಂದಳು.

ಅಡುಗೆಮನೆಯ ಗಡಿಗೆಯ ಮುಚ್ಚಳ ತೆಗೆದೆ. ತೊಗರಿ ಇತ್ತು. ಆದರೆ ಮಣ್ಣು ಮಾಸಿ ಕಂದು ಬಣ್ಣಕ್ಕೆ ತಿರುಗಿತ್ತು, ಕಾಳು ಸಣ್ಣವು, ತಳದಲ್ಲಿ ಪುಡಿ ಬೇರೆ. ಯಾಕೋ ಮನಸ್ಸಿಗೆ ಬರಲಿಲ್ಲ. ಹೊರಗೆ ಬರುವಾಗ ಪಡಸಾಲೆಯ ಅಟ್ಟಣಿಗೆಯ ಮೇಲೆ, ಕುಡಗೋಲು ಹಗ್ಗಗಳ ಪಕ್ಕ, ಒಂದು ತಗಡಿನ ಡಬ್ಬಿ ಕಂಡಿತು. ಬಗ್ಗಿಸಿ ನೋಡಿದರೆ ಅದರಲ್ಲೂ ತೊಗರಿ. ದಪ್ಪ ಕಾಳು, ಒಂದೇ ಅಳತೆಯವು, ಕುಂಕುಮ ಹಚ್ಚಿದ ಹಾಗೆ ಕೆಂಪಗೆ. ಓಹೋ, ಮುದುಕಿ ಚಲೋದನ್ನು ಮೇಲೆ ಬಚ್ಚಿಟ್ಟು ನನಗೆ ಹಳೇದನ್ನು ತೋರಿಸಿದ್ದಾಳೆ ಅಂದುಕೊಂಡೆ. ಖರೇ ಹೇಳುತ್ತೇನೆ, ಹೀಗೆಯೇ ಅಂದುಕೊಂಡೆ. ಎರಡು ಬೊಗಸೆ ತುಂಬಿ ಚೀಲಕ್ಕೆ ಸುರಿದುಕೊಂಡು, ಡಬ್ಬಿ ಇದ್ದಲ್ಲೇ ಇಟ್ಟು, ಕಳ್ಳಿಯ ಹಾಗೆ ಬಾಗಿಲು ಹಾಕಿ ಬಂದೆ.

ಒಂದು ವಾಸನೆ ಇತ್ತು. ಹಣ್ಣು ಮೂಸಿ ಕೊಳ್ಳುವ ನನ್ನ ಈ ಮೂಗಿಗೆ ಅದು ತಿಳಿದಿತ್ತು. ಪೆಟ್ಟಿಗೆಯಲ್ಲಿ ಬಹಳ ದಿನ ಇಟ್ಟ ಬಟ್ಟೆಯ ತರಹದ ವಾಸನೆ. ಅತ್ತಿ ಬೇವಿನ ಸೊಪ್ಪು ಹಾಕಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ನಮ್ಮ ಮನೆಯದು ಅಲ್ಲವೇ, ಅದರಲ್ಲಿ ಏನಿರುತ್ತದೆ? ರಾತ್ರಿ ನೆನೆಹಾಕುವಾಗ ಮೂರು ಸಲ ತೊಳೆದೆ. ಮೂರು ಸಲವೂ ನೀರು ಕೆಂಪಗೆ ಹೋಯಿತು. ಗೆಳತಿಯನ್ನು ಕರೆದು, "ನೋಡು, ಇದಕ್ಕ ಕೆಮ್ಮಣ್ಣು ಅಂತಾರ," ಎಂದು ತೋರಿಸಿದೆ ಕೂಡ.

ಖೋಲಿಯಲ್ಲಿ ಬೀಸುಕಲ್ಲಿಲ್ಲ. ಸೋಮವಾರ ಬೆಳಿಗ್ಗೆ ಇಡೀ ಕಾಳನ್ನೇ ಕುದಿಸಿ, ಉಳ್ಳಾಗಡ್ಡಿ, ಬೆಳ್ಳುಳ್ಳಿ, ಹಸಿ ಖಾರ ಹಾಕಿ ಉಸುಳಿ ಮಾಡಿದೆ. ನಾನು ಉಣ್ಣಲಿಲ್ಲ. ಶ್ರಾವಣ ಸೋಮವಾರ ನಮ್ಮ ಮನೆಯಲ್ಲಿ ಎಲ್ಲರದೂ ಒಪ್ಪತ್ತು, ಸಂಜೆ ಪೂಜೆ ಆದ ಮೇಲೆಯೇ ಊಟ. ಗೆಳತಿ ಒಂದು ತಾಟು ತುಂಬ ಉಂಡಳು.

"ಇಷ್ಟು ದಿನದಾಗ ಇದೊಂದೇ ನೀ ಮನಷ್ಯಾರು ಉಣ್ಣೂ ಹಂಗ ಮಾಡೀದಿ," ಎಂದು ಉಳಿದದ್ದನ್ನೆಲ್ಲ ಡಬ್ಬಿಗೆ ಹಾಕಿಕೊಂಡಳು. ಸ್ಕಾಲರ್‌ಶಿಪ್ಪಿಗೆ ಆದಾಯದ ಸರ್ಟಿಫಿಕೇಟು ಬೇಕಿತ್ತು, ಅದಕ್ಕಾಗಿ ಬಸವಕಲ್ಯಾಣಕ್ಕೆ ಹೊರಟಿದ್ದಳು. "ನಮ್ಮವ್ವಗ ಉಸುಳಿ ಅಂದ್ರ ಜೀವ. ಮಧ್ಯಾಹ್ನ ಇಬ್ಬರೂ ಕೂಡಿ ಉಣ್ತೀವಿ."

ಅವಳು ಹೋಗಿ ಎರಡು ತಾಸಾಗಿರಬೇಕು. ನಾನು ಕಾಲೇಜಿಗೆ ಹೊರಡಲು ಜಡೆ ಹಾಕಿಕೊಳ್ಳುತ್ತಿದ್ದೆ. ಅತ್ತಿಯ ಫೋನು ಬಂತು.

"ತಂಗಿ, ಗಡಿಗಿ ಇದ್ದಂಗೇ ಅದಲ್ಲ? ನೀ ಎದ್ರಾಗಿಂದು ಒಯ್ದಿ?"

ಸಿಕ್ಕಿಬಿದ್ದೆನಲ್ಲ ಎಂದು ನಾಚಿಕೆಯಾಯಿತು. "ಮ್ಯಾಲಿನ ಡಬ್ಬ್ಯಾಗಿಂದು ಅತ್ತಿ. ಸ್ವಲ್ಪೇ ತಂದೀನಿ."

ಆ ಕಡೆಯಿಂದ ಬಂದ ದನಿ ಅತ್ತಿಯದ್ದು ಅನ್ನಿಸಲೇ ಇಲ್ಲ. "ಉಂಡೀಯೇನ? ಯವ್ವಾ, ಉಂಡೀಯೇನ ಹೇಳು! ಅದು ಬೀಜದ ತೊಗರಿ. ಬಿತ್ತಿ ಉಳದದ್ದು. ನೆಟೆ ರೋಗ ಬರಬಾರದಂತ ಅದಕ್ಕ ಔಷಧ ಹಚ್ಚೇದ!"

ಕೈಯಿಂದ ಬಾಚಣಿಗೆ ಬಿತ್ತು. ನಾನು ಉಂಡಿಲ್ಲ ಎಂದು ಹೇಳಿದೆ. ಅತ್ತಿ "ದೇವರು ದೊಡ್ಡಾಂವ" ಎಂದು ಅಳತೊಡಗಿದಳು. "ನಾ ಉಂಡಿಲ್ಲ ಅತ್ತಿ, ನನ್ನ ಗೆಳತಿ ಉಂಡಾಳ," ಎಂದಾಗ ಆ ಅಳು ಅಲ್ಲಿಗೇ ನಿಂತಿತು.

ಔಷಧದ ಪಾಕೀಟಿನ ಚೀಟಿಯಿದ್ದರೆ ತಗೊಂಡು ಬಸವಕಲ್ಯಾಣದ ಸರಕಾರಿ ದವಾಖಾನಿಗೆ ಬಾ ಎಂದು ಅತ್ತಿಗೆ ಹೇಳಿ, ಗೆಳತಿಗೆ ಫೋನು ಹಚ್ಚಿದೆ. ನನ್ನ ಬೆನ್ನ ಹಿಂದೆಯೇ ರಿಂಗಾಯಿತು. ಚಾರ್ಜಿಗೆ ಹಾಕಿದ್ದ ಫೋನನ್ನು ಕಿಟಕಿಯಲ್ಲೇ ಬಿಟ್ಟುಹೋಗಿದ್ದಳು. ಅವಳ ತಾಯಿಯ ಹತ್ತಿರ ಫೋನಿರಲಿಲ್ಲ. ಉಳಿದ ಕಾಳು ಚೀಲದಲ್ಲಿತ್ತು. ಅದನ್ನೇ ಎತ್ತಿಕೊಂಡು ಓಡಿದೆ, ಜಡೆ ಅರ್ಧಕ್ಕೇ ಬಿಟ್ಟು.

ಬಸ್ಸಿನಲ್ಲಿ ಕಂಡಕ್ಟರು ಆಧಾರ್ ಕಾರ್ಡ್ ಕೇಳಿದರು. ಪುಕ್ಕಟೆ ಟಿಕೆಟಿಗೆ ತೋರಿಸಬೇಕಲ್ಲ. ನನಗೆ ಅವರ ಮಾತೇ ತಿಳಿಯಲಿಲ್ಲ. ಚೀಲ ತೆರೆದು ಆ ಕೆಂಪು ಕಾಳು ತೋರಿಸಿದೆ. ಅವರು ನನ್ನ ಮುಖ ನೋಡಿ, "ಆಯ್ತು, ಕೂಡ್ರಮ್ಮ," ಎಂದು ಮುಂದೆ ಹೋದರು. ರಾಜೇಶ್ವರದಲ್ಲಿ ಡ್ರೈವರು ಚಹಾಕ್ಕೆ ಇಳಿದರು. ಹನ್ನೊಂದೂವರೆ ಆಗಿತ್ತು. ಮಧ್ಯಾಹ್ನ ಇಬ್ಬರೂ ಕೂಡಿ ಉಣ್ತೀವಿ ಎಂದಿದ್ದಳು. ಅವಳ ತಾಯಿ ಯಾವಾಗ ಉಣ್ಣುತ್ತಾಳೋ ನನಗೇನು ಗೊತ್ತು? ಹೊಲಕ್ಕೆ ಹೋಗುವ ಮಂದಿಗೆ ಹನ್ನೆರಡು ಅಂದರೆ ಊಟದ ಹೊತ್ತು. ನಾನು ಕಿಟಕಿಯಿಂದ ತಲೆ ಹೊರಹಾಕಿ ಕಿರುಚಿದೆ.

"ಅಣ್ಣಾ, ಗಾಡಿ ಬಿಡ್ರೀ! ನಿಮ್ಮ ಕಾಲಿಗೆ ಬೀಳ್ತೀನಿ, ಗಾಡಿ ಬಿಡ್ರೀ!"

ಎಲ್ಲರೂ ತಿರುಗಿ ನೋಡಿದರು. ಡ್ರೈವರು ಅರ್ಧ ಕಪ್ಪು ಚೆಲ್ಲಿ ಬಂದು ಹತ್ತಿದರು. ಪಕ್ಕದ ಹೆಂಗಸು, "ಯಾರಿಗಿ ಏನಾಗೇದವಾ?" ಎಂದು ಬೆನ್ನ ಮೇಲೆ ಕೈಯಿಟ್ಟಳು. ವಿಷ ಉಣ್ಣಿಸಿದ್ದೇನೆ ಎಂದು ಅವಳಿಗೆ ಹೇಗೆ ಹೇಳಲಿ? ಇಷ್ಟು ವರ್ಷ ವಿಷ ಪೇಟೆಯಲ್ಲಿದೆ, ಮಂದಿಯ ಕೈಯಲ್ಲಿದೆ ಎಂದು ಹೆದರಿದ್ದೆ. ಈಗ ಅದು ನನ್ನ ತೊಡೆಯ ಮೇಲಿತ್ತು. ಅವಳು ಸತ್ತರೆ? ಬಸ್ಸಿನ ಪ್ರತಿ ಕುಲುಕಿಗೂ ಇದೊಂದೇ ಮಾತು ತಲೆಯಲ್ಲಿ ಬಡಿಯುತ್ತಿತ್ತು. ಅವಳು ಸತ್ತರೆ, ಅವಳ ತಾಯಿಯೂ ಸತ್ತರೆ?

ಅವರ ಮನೆ ಊರಂಚಿನಲ್ಲಿ, ಒಂದು ಖೋಲಿ, ಮುಂದೆ ಒಂದು ತಗಡಿನ ಇಳಿಜಾರು. ಮೊದಲು ಎರಡು ಸಲ ಬಂದಿದ್ದೆ. ಆಟೋ ನಿಲ್ಲುವ ಮೊದಲೇ ಹಾರಿ ಒಳಗೆ ನುಗ್ಗಿದೆ. ಗೋಡೆಯ ಬುದ್ಧನ ಪಟದ ಕೆಳಗೆ ಗೆಳತಿ ಚಾಪೆಯ ಮೇಲೆ ಮಲಗಿದ್ದಳು, ತಲೆಗೆ ಒದ್ದೆ ಬಟ್ಟೆ. ತಾಯಿ ಒಲೆಯ ಮುಂದೆ ರೊಟ್ಟಿ ಮುರಿದುಕೊಂಡು ಕೂತಿದ್ದಳು. ತಾಟಿನಲ್ಲಿ ನನ್ನ ಉಸುಳಿ. ತುತ್ತು ಬಾಯಿಯ ಹತ್ತಿರ.

ನಾನು ಆ ಕೈಗೆ ಹೊಡೆದೆ.

ಜೋರಾಗಿಯೇ ಹೊಡೆದೆ. ತುತ್ತು ಹಾರಿ ಬಿತ್ತು, ತಾಟು ಮಗುಚಿತು, ಕಾಳು ನೆಲದ ತುಂಬ. ಬಾಗಿಲಲ್ಲಿದ್ದ ಕೋಳಿಗಳು ಒಳಗೆ ಓಡಿಬಂದವು. ನಾನು ಹುಚ್ಚಿಯ ಹಾಗೆ ಅವನ್ನು ಓಡಿಸಿದೆ. ಆ ತಾಯಿ ಹೊಡೆಸಿಕೊಂಡ ಕೈಯನ್ನು ಎದೆಗೆ ಒತ್ತಿ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಬೈಯಲಿಲ್ಲ, ಎದ್ದೇಳಲಿಲ್ಲ.

"ಯಾಕ್ರೀ ಬಾಯಿ? ನಾವೇನ್ ಮಾಡೀವ್ರಿ?" ಎಂದಳು.

ಮಗಳ ವಯಸ್ಸಿನ ನನಗೆ 'ರೀ'. ಅವಳು ನಮ್ಮಂಥವರ ಹೊಲಗಳಲ್ಲಿ ಕೂಲಿ ಮಾಡುವವಳು. ನಮ್ಮ ಮಂದಿ ಕೈಯೆತ್ತಿದ್ದು ಅವಳಿಗೆ ಹೊಸದಿರಲಿಕ್ಕಿಲ್ಲ ಎಂದು ಆಮೇಲೆ ಹೊಳೆಯಿತು. ಆಗ ನನಗೆ ಅದಕ್ಕೆಲ್ಲ ಹೊತ್ತಿರಲಿಲ್ಲ. ಕಾಳಿಗೆ ಔಷಧವಿದೆ ಎಂದು ಒದರಿದೆ. ತಾಯಿ ಎರಡು ತುತ್ತು ಉಂಡಿದ್ದಳು. ಗೆಳತಿ ಬಸ್ಸಿನಿಂದ ಇಳಿದಾಗಿನಿಂದ ಎರಡು ಸಲ ವಾಂತಿ ಮಾಡಿಕೊಂಡಿದ್ದಳು. ಬಸ್ಸಿನ ಕುಲುಕಿಗೆ ಆಗಿದೆ ಎಂದು ಇಬ್ಬರೂ ಸುಮ್ಮನಿದ್ದರು.

ಹೊರಗೆ ನಿಂತಿದ್ದ ಅದೇ ಆಟೋದಲ್ಲಿ ಮೂವರೂ ದವಾಖಾನಿಗೆ ಹೋದೆವು. ಗೆಳತಿಯ ತಲೆ ನನ್ನ ಹೆಗಲ ಮೇಲಿತ್ತು, ತುಟಿ ಬಿಳಿಚಿತ್ತು. ಆ ಸ್ಥಿತಿಯಲ್ಲೂ ಅವಳು, "ಆರ್ಗ್ಯಾನಿಕ್ ಬಾಯಿ, ಭಜಿ ತಿಂದು ನಾ ಎಂದೂ ಹಿಂಗ ಆಗಿದ್ದಿಲ್ಲ ನೋಡು," ಎಂದಳು. ನಾನು ಬಿಕ್ಕಿ ಬಿಕ್ಕಿ ಅತ್ತೆ.

ಡಾಕ್ಟರು ಕೇಳಿದ್ದು ಮೂರೇ ಪ್ರಶ್ನೆ. ಯಾವ ಔಷಧ, ಎಷ್ಟು ಉಂಡರು, ಯಾವಾಗ ಉಂಡರು. ಎರಡಕ್ಕೆ ಉತ್ತರ ಕೊಟ್ಟೆ. ಮೊದಲನೆಯದಕ್ಕೆ ಚೀಲದ ಕಾಳು ತೋರಿಸಿದೆ. ಬಣ್ಣ ನೋಡಿ ಹೇಳಲಿಕ್ಕೆ ಬರುವುದಿಲ್ಲ, ಚೀಟಿ ಬೇಕು ಎಂದು ಅವರು ಇಬ್ಬರಿಗೂ ಸಲಾಯಿನ್ ಹಚ್ಚಿಸಿದರು. ಅತ್ತಿ ಬರುವವರೆಗೆ ನಾನು ಗೇಟು ಮತ್ತು ವಾರ್ಡಿನ ನಡುವೆ ಎಷ್ಟು ಸಲ ಓಡಾಡಿದೆನೋ. ಪ್ರತಿ ಸಲ ಒಳಗೆ ಬರುವಾಗ ಗೆಳತಿಯ ಎದೆಯನ್ನೇ ನೋಡುತ್ತಿದ್ದೆ, ಏರಿಳಿಯುತ್ತಿದೆಯೋ ಇಲ್ಲವೋ ಎಂದು.

ಅತ್ತಿ ಬರಿಗಾಲಲ್ಲಿ ಬಂದಳು. ಔಷಧದ ಖಾಲಿ ಪಾಕೀಟು ಅವಳ ಸೆರಗಿನ ಗಂಟಿನಲ್ಲಿತ್ತು. ಡಾಕ್ಟರು ಅದನ್ನು ಓದಿ, ಯಾರಿಗೋ ಫೋನು ಮಾಡಿ ಕೇಳಿ, ಕೊನೆಗೆ ನಮ್ಮ ಕಡೆ ತಿರುಗಿದರು. ತೊಳೆದು, ನೆನೆಸಿ, ಕುದಿಸಿದ್ದರಿಂದ ಬಹಳಷ್ಟು ಹೋಗಿರಬೇಕು, ವಾಂತಿಯೂ ಆಗಿದೆ, ಆದರೂ ನಾಳೆಯವರೆಗೆ ಇಲ್ಲೇ ಇರಲಿ ಎಂದರು. ಅತ್ತಿ ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟಳು. "ಆ ಡಬ್ಬಿ ಮನ್ಯಾಗ ಇಟ್ಟದ್ದೇ ನಂದು ತಪ್ಪ," ಎಂದು ಹಣೆ ಬಡಿದುಕೊಂಡಳು. ಡಬ್ಬಿ ಇಟ್ಟದ್ದಲ್ಲ, ಆಸೆಗೆ ಬಿದ್ದು ತೆಗೆದದ್ದು ತಪ್ಪು ಎಂದು ನನಗೆ ಗೊತ್ತಿತ್ತು. ಬಾಯಿ ಬಿಟ್ಟು ಹೇಳಲಿಲ್ಲ.

ಸಂಜೆಯ ಹೊತ್ತಿಗೆ ಗೆಳತಿಗೆ ನಿದ್ದೆ ಹತ್ತಿತ್ತು. ಪಕ್ಕದ ಮಂಚದಲ್ಲಿ ಅವಳ ತಾಯಿ ಎಚ್ಚರವಿದ್ದಳು. ನಾನು ನೀರು ಕೊಡಲು ಹೋದೆ. ಅವಳು ಲೋಟ ತೆಗೆದುಕೊಳ್ಳಲಿಲ್ಲ. ಬಹಳ ಮೆತ್ತಗೆ, ಸಿಟ್ಟಿಲ್ಲದ ದನಿಯಲ್ಲಿ ಕೇಳಿದಳು.

"ಒಂದು ಮಾತ ಕೇಳ್ತೀನ್ರಿ ಬಾಯಿ. ಮಾಡಿದವರು ನೀವು. ನೀವ್ಯಾಕ ಉಣ್ಲಿಲ್ರಿ?"

"ನಂದು... ಸೋಮವಾರ ಒಪ್ಪತ್ತು ಇತ್ರಿ," ಎಂದೆ.

ಅದು ಖರೆ. ದೇವರಾಣೆ ಖರೆ. ಆದರೆ ಆ ವಾರ್ಡಿನಲ್ಲಿ, ಆ ಹೆಂಗಸಿನ ಮುಂದೆ, ನನ್ನ ಕಿವಿಗೇ ಅದು ಸುಳ್ಳಿನಂತೆ ಕೇಳಿತು. ಬದುವಿನಾಚೆಯ ಬದನೆಯವರು ನೆನಪಾದರು, ಪೇಟೆಗೊಂದು ಗಿಡ, ಮನೆಗೊಂದು ಗಿಡ. ಅವಳು "ಹೌದ್ರಿ" ಎಂದಳು. ಲೋಟವನ್ನು ನಾನು ಮಂಚದ ಪಕ್ಕ ಇಟ್ಟೆ. ರಾತ್ರಿಯವರೆಗೂ ಅದು ಅಲ್ಲೇ ಇತ್ತು.

ಮರುದಿನ ಇಬ್ಬರನ್ನೂ ಮನೆಗೆ ಕಳಿಸಿದರು. ಗೆಳತಿ ಎಂಟು ದಿನ ಊರಲ್ಲೇ ಉಳಿದಳು. ಆ ಎಂಟು ದಿನ ನಾನು ಖೋಲಿಯಲ್ಲಿ ಒಬ್ಬಳೇ, ಬಾಗಿಲ ಹತ್ತಿರ ಚಪ್ಪಲಿಯ ಸದ್ದಾದರೆ ಎದ್ದು ನಿಲ್ಲುತ್ತಿದ್ದೆ. ಅವಳು ಹೋಗಿಬಿಟ್ಟಳು ಎಂದು ಹೇಳಲು ಯಾರೋ ಬಂದರೇನೋ ಅನ್ನಿಸುತ್ತಿತ್ತು. ಕೊನೆಗೆ ಅವಳೇ ಬಂದಳು, ಸ್ವಲ್ಪ ಸೊರಗಿದ್ದಳು, ಅಷ್ಟೇ. ಬಂದವಳೇ, "ಏನ ಬಾಯಿ, ನನ್ನ ತಿಥಿ ಮಾಡಿ ಮುಗಿಸಿದಿ ಏನು?" ಎಂದು ನಕ್ಕಳು. ನಾನೂ ನಕ್ಕೆ. ಎಲ್ಲ ಸರಿಹೋಯಿತು ಅಂದುಕೊಂಡೆ.

ಶ್ರಾವಣದ ಕೊನೆಯ ಸೋಮವಾರ ಬೆಳಿಗ್ಗೆ ಅವಳಿಗಾಗಿ ಅಡುಗೆ ಮಾಡಿದೆ. ಪೇಟೆಯ ಕಿರಾಣಿ ಅಂಗಡಿಯ ಬೇಳೆ, ಪೇಟೆಯದೇ ಟೊಮ್ಯಾಟೊ. ಯಾವುದನ್ನೂ ಮೂಸಿರಲಿಲ್ಲ. ಬಿಸಿ ಅನ್ನದ ಮೇಲೆ ಬೇಳೆಸಾರು ಹಾಕಿ ತಾಟನ್ನು ಅವಳ ಮುಂದೆ ಇಟ್ಟೆ. ಅವಳು ಕೂತಳು. ಕೈ ತೊಳೆದಳು. ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡಳು.

"ಉಣ್ಣು, ಆರ್ತದ," ಎಂದೆ.

"ನೀ ಮದಲ ಉಣ್ಣು," ಎಂದಳು. ಚೇಷ್ಟೆಯ ದನಿಯೇ. ತುಟಿಯಲ್ಲಿ ನಗುವೂ ಇತ್ತು. ಆದರೆ ತೊಡೆಯ ಮೇಲಿನ ಕೈ ಅಲ್ಲಾಡಲಿಲ್ಲ. ಆ ಕೈಗೆ ನನ್ನ ಬಗೆಗಿನ ಹೆದರಿಕೆ ಹೋಗಿಲ್ಲ ಎಂದು ಅವಳಿಗೂ ಆಗಲೇ ತಿಳಿದಿರಬೇಕು, ಯಾಕೆಂದರೆ ನಗು ಮೆಲ್ಲಗೆ ಆರಿತು. ತಲೆ ತಗ್ಗಿಸಿ, "ನಮ್ಮವ್ವ ಹೇಳ್ಯಾಳ," ಎಂದಳು.

ನಾನು ಅವಳ ಎದುರಿಗೆ ಕೂತೆ. ಅವಳ ತಾಟಿನಿಂದಲೇ ಒಂದು ತುತ್ತು ಕಲಸಿ ಬಾಯಿಗಿಟ್ಟೆ. ಒಪ್ಪತ್ತು ಮುರಿಯಿತು. ಚಿಕ್ಕವಳಿದ್ದಾಗಿನಿಂದ ಒಂದು ಸೋಮವಾರವೂ ತಪ್ಪಿದ್ದಿಲ್ಲ. ಸಾರಿಗೆ ಉಪ್ಪು ಕಡಿಮೆಯಾಗಿತ್ತು. ಅಗಿದೆ, ನುಂಗಿದೆ. ಅವಳು ನನ್ನ ಗಂಟಲನ್ನೇ ನೋಡುತ್ತಿದ್ದಳು, ತುತ್ತು ಕೆಳಗೆ ಇಳಿಯುವವರೆಗೂ. ಆಮೇಲೆ ತಾಟನ್ನು ತನ್ನ ಕಡೆ ಎಳೆದುಕೊಂಡು ಉಣ್ಣತೊಡಗಿದಳು.